ಮಲಗುವ ಕೋಣೆಯ ಪರೀಕ್ಷೆ ರದ್ದಾಗಲಿ

ಥಾಣೆಯಿಂದ ಕಲ್ಯಾಣ್ ಕಡೆಗೆ ಲೋಕಲ್ ಹಿಡಿಯುವವರಿಗೆ ಡಬ್ಬಿಯ ಗೋಡೆಗೆ ಅಂಟಿಸಿದ ಆ ಚೀಟಿಗಳು ಹೊಸತಲ್ಲ. ಬಾಗಿಲ ಬದಿಯಲ್ಲಿ, ಸೀಟಿನ ಮೇಲ್ಗಡೆ, ಹಳಿಯ ಪಕ್ಕದ ಕಾಂಪೌಂಡಿನ ಮೇಲೆ ಅವೇ ಮಾತುಗಳು: ಗುಪ್ತರೋಗ, ನರದೌರ್ಬಲ್ಯ, ಶೀಘ್ರಪತನ, ಗ್ಯಾರಂಟಿ ಇಲಾಜು. ಕೆಳಗೊಂದು ಮೊಬೈಲ್ ನಂಬರು. ಒತ್ತೊತ್ತಾಗಿ ನಿಂತ ಗಂಡಸರಲ್ಲಿ ಒಬ್ಬನೂ ಅದನ್ನು ಓದುತ್ತಿರುವಂತೆ ಕಾಣುವುದಿಲ್ಲ. ಆದರೂ ಹರಿದ ಚೀಟಿಯ ಜಾಗಕ್ಕೆ ಹೊಸ ಚೀಟಿ ಬರುತ್ತಲೇ ಇದೆ. ಯಾರೋ ಓದುತ್ತಿದ್ದಾರೆ, ಯಾರೋ ಫೋನು ಮಾಡುತ್ತಿದ್ದಾರೆ.

ಇಂಥ ಜಾಹೀರಾತು ಕಾನೂನಿಗೆ ವಿರುದ್ಧ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಮೂರನೆಯ ಕಲಮು, ಲೈಂಗಿಕ ಸುಖದ ಸಾಮರ್ಥ್ಯವನ್ನು ಉಳಿಸುವ ಅಥವಾ ಹೆಚ್ಚಿಸುವ ಔಷಧ ತನ್ನಲ್ಲಿದೆ ಎಂದು ಪ್ರಚಾರ ಮಾಡುವುದನ್ನೇ ನಿಷೇಧಿಸುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕಾಯ್ದೆಗೆ ಎಪ್ಪತ್ತು ದಾಟಿದೆ. ಚೀಟಿ ಅಂಟಿಸುವವನಿಗೆ ಅದರ ಬಿಸಿ ತಟ್ಟಿದಂತಿಲ್ಲ. ಅವನು ಮಾರುವ ಸರಕಿಗೆ ಬೇಕಾದ ಬಂಡವಾಳವೂ ಹೆಚ್ಚಿನದೇನಲ್ಲ. ‘ನಿನ್ನಲ್ಲಿ ಏನೋ ಕೊರತೆ ಇದೆ’ ಎಂಬ ಒಂದು ಮಾತನ್ನು ನಂಬಿಸಿದರೆ ಸಾಕು, ಮಿಕ್ಕದ್ದನ್ನು ಗಿರಾಕಿಯ ಮನಸ್ಸೇ ಮಾಡಿಕೊಳ್ಳುತ್ತದೆ.

ಅದು ಹೇಗೆ ಮಾಡಿಕೊಳ್ಳುತ್ತದೆ ಎಂಬುದೇ ಇಲ್ಲಿನ ವಿಷಯ.

ಮಹಾಪೆಯ ಕಂಪನಿಯೊಂದರಲ್ಲಿ ಪಾಳಿಯ ಮೇಲೆ ದುಡಿಯುವ, ಹೊಸದಾಗಿ ಮದುವೆಯಾದ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಊರಲ್ಲಿ ಮದುವೆ, ಔತಣ, ಪ್ರಯಾಣ, ನಿದ್ದೆಗೆಟ್ಟ ನಾಲ್ಕು ರಾತ್ರಿ. ಐದನೆಯ ರಾತ್ರಿ ದೇಹ ಸಹಕರಿಸಲಿಲ್ಲ. ಅದರಲ್ಲಿ ವಿಶೇಷವೇನೂ ಇಲ್ಲ. ದಣಿದ ದೇಹ ಹಾಗೆಯೇ ನಡೆದುಕೊಳ್ಳುತ್ತದೆ. ಆದರೆ ಮರುರಾತ್ರಿ ಅವನು ಹೆಂಡತಿಯ ಹತ್ತಿರ ಹೋಗುವುದು ಗಂಡನಾಗಿ ಅಲ್ಲ, ಪರೀಕ್ಷೆಗೆ ಕೂತ ಹುಡುಗನಾಗಿ. ಇವತ್ತಾದರೂ ಆದೀತೇ? ಆಗುತ್ತಿದೆಯೇ? ಇಳಿದುಹೋಯಿತೇ? ಅವನ ಗಮನವೆಲ್ಲ ತನ್ನ ಮೇಲೇ. ಪಕ್ಕದಲ್ಲಿರುವವಳ ಮೈಯ ಬಿಸುಪು, ಮಾತು, ನಗು ಯಾವುದೂ ಅವನಿಗೆ ತಲುಪುವುದಿಲ್ಲ. ಫಲಿತಾಂಶ ಮತ್ತೆ ಅದೇ. ಮೂರನೆಯ ಸಲಕ್ಕೆ ಅವನು ಬೇಕೆಂದೇ ತಡವಾಗಿ ಮನೆಗೆ ಬರುತ್ತಾನೆ. ತಾನು ಚೆನ್ನಾಗಿಲ್ಲವೇನೋ, ಗಂಡನಿಗೆ ಬೇರೆ ಯಾರೋ ಇದ್ದಾಳೇನೋ ಎಂದು ಅವಳು ಲೆಕ್ಕ ಹಾಕತೊಡಗುತ್ತಾಳೆ.

ಇದರ ಹಿಂದಿನ ಶರೀರಶಾಸ್ತ್ರ ಕಷ್ಟದ್ದಲ್ಲ. ಹೆದರಿಕೆಯಾದಾಗ ದೇಹ ಓಡಲು ಇಲ್ಲವೇ ಹೊಡೆದಾಡಲು ತಯಾರಾಗುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತ ಕೈಕಾಲುಗಳ ಸ್ನಾಯುಗಳ ಕಡೆಗೆ ತಿರುಗುತ್ತದೆ. ಶಿಶ್ನ ನಿಮಿರಬೇಕಾದರೆ ನಡೆಯಬೇಕಾದದ್ದು ಇದಕ್ಕೆ ವಿರುದ್ಧವಾದದ್ದು: ಅಲ್ಲಿನ ನಯವಾದ ಸ್ನಾಯುಗಳು ಸಡಿಲಗೊಂಡು ರಕ್ತ ಒಳಗೆ ತುಂಬಿ ನಿಲ್ಲಬೇಕು. ನಿರಾಳವಾಗಿದ್ದಾಗ ಕೆಲಸ ಮಾಡುವ ನರವ್ಯೂಹದ ಕೆಲಸ ಅದು. ಸ್ಖಲನ ಮಾತ್ರ ಹೆದರಿಕೆಯ ಕಡೆಯ ನರವ್ಯೂಹಕ್ಕೇ ಸೇರಿದ್ದು. ಹೀಗಾಗಿ ಒಂದೇ ಆತಂಕ ಒಬ್ಬನಲ್ಲಿ ನಿಮಿರುವುದನ್ನು ತಡೆಯುತ್ತದೆ, ಇನ್ನೊಬ್ಬನಲ್ಲಿ ಸ್ಖಲನವನ್ನು ಅವಸರಿಸುತ್ತದೆ, ಕೆಲವರಲ್ಲಿ ಎರಡನ್ನೂ ಮಾಡುತ್ತದೆ. ಹೆಂಗಸರಲ್ಲಿಯೂ ಇದೇ ಹೆದರಿಕೆ ಬೇರೆ ರೂಪದಲ್ಲಿ ಕಾಣಿಸುತ್ತದೆ. ಯೋನಿಯ ಸುತ್ತಲ ಸ್ನಾಯುಗಳು ತಮ್ಮಷ್ಟಕ್ಕೆ ಬಿಗಿದುಕೊಂಡು ಸಂಭೋಗವೇ ಸಾಧ್ಯವಾಗದಂತಾಗುವ ವ್ಯಾಜಿನಿಸ್ಮಸ್ ಅಂಥದ್ದು. ಗಂಡನ ‘ಗಂಡಸ್ತನ’ದ ಗದ್ದಲದಲ್ಲಿ ಅವಳ ನೋವನ್ನು ವರ್ಷಗಟ್ಟಲೆ ಯಾರೂ ಕೇಳುವುದೇ ಇಲ್ಲ.

ಈ ಆತಂಕಕ್ಕೆ ಚಿಕಿತ್ಸೆ ಹುಟ್ಟಿದ್ದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ. ಸ್ತ್ರೀರೋಗ ತಜ್ಞ ವಿಲಿಯಂ ಮಾಸ್ಟರ್ಸ್ ಮತ್ತು ಯಾವ ಪದವಿಯೂ ಇಲ್ಲದ ಅವರ ಸಹೋದ್ಯೋಗಿ ವರ್ಜೀನಿಯಾ ಜಾನ್ಸನ್ ಪ್ರಯೋಗಾಲಯದಲ್ಲಿ ಮನುಷ್ಯರ ಕಾಮಪ್ರತಿಕ್ರಿಯೆಗಳನ್ನು ಅಳೆದು 1966ರಲ್ಲಿ ಒಂದು ಪುಸ್ತಕ ಬರೆದರು; ಚಿಕಿತ್ಸೆಯ ಬಗೆಗಿನ ಎರಡನೆಯ ಪುಸ್ತಕ ಬಂದದ್ದು 1970ರಲ್ಲಿ. ಹಾಸಿಗೆಯಲ್ಲಿದ್ದುಕೊಂಡೇ ತನ್ನನ್ನು ತಾನು ದೂರ ನಿಂತು ನೋಡುವ ಪ್ರೇಕ್ಷಕನಾಗಿಬಿಡುವುದೇ ಈ ರೋಗದ ಬೇರು ಎಂಬುದು ಅವರ ತೀರ್ಮಾನ. ದಂಪತಿಗಳನ್ನು ಎರಡು ವಾರ ಊರಿಗೆ ಕರೆಸಿಕೊಂಡು, ಗಂಡೊಬ್ಬ ಹೆಣ್ಣೊಬ್ಬಳು ಚಿಕಿತ್ಸಕರಾಗಿ ದಿನವೂ ಮಾತಾಡಿಸುತ್ತಿದ್ದರು. ಐವರಲ್ಲಿ ಒಬ್ಬರಿಗೆ ಮಾತ್ರ ಗುಣವಾಗಲಿಲ್ಲ ಎಂಬ ಅವರ ಲೆಕ್ಕವನ್ನು 1980ರಲ್ಲಿ ಬೇರೆ ತಜ್ಞರು ಕಟುವಾಗಿ ಪ್ರಶ್ನಿಸಿದರು. ಲೆಕ್ಕ ಅಲುಗಾಡಿತು, ವಿಧಾನ ಉಳಿಯಿತು. ಇವತ್ತು ಮುಂಬಯಿಯ ಮನೋವೈದ್ಯರೂ ಕೊಡುವ ಮನೆಗೆಲಸದ ಮೂಲ ಅದೇ.

ಆ ಚಿಕಿತ್ಸೆಯ ಮೊದಲ ಸೂಚನೆ ಕೇಳಿದವರು ತಬ್ಬಿಬ್ಬಾಗುತ್ತಾರೆ: ಸಂಭೋಗ ಬೇಡ. ಕೆಲವು ವಾರ ಸಂಪೂರ್ಣ ನಿಷೇಧ. ಆಗುತ್ತಿಲ್ಲ ಎಂದು ಬಂದವನಿಗೆ ಮಾಡಬೇಡ ಎನ್ನುವುದು ಕುಚೋದ್ಯದಂತೆ ಕಾಣಬಹುದು. ಆದರೆ ಪರೀಕ್ಷೆಯೇ ರದ್ದಾದ ಮೇಲೆ ನಪಾಸಾಗುವ ಭಯವೆಲ್ಲಿ?

ಆಮೇಲೆ ವಾರಕ್ಕೆ ಎರಡು ಮೂರು ಸಲ, ಅರ್ಧ ಮುಕ್ಕಾಲು ಗಂಟೆ ಇಬ್ಬರೂ ಬಾಗಿಲು ಹಾಕಿಕೊಂಡು ಒಬ್ಬರನ್ನೊಬ್ಬರು ಮುಟ್ಟುವ ಅಭ್ಯಾಸ. ಮೊದಲಿಗೆ ಕೈ, ಬೆನ್ನು, ಪಾದ, ನೆತ್ತಿ. ಜನನಾಂಗ ಮತ್ತು ಸ್ತನಗಳಿಗೆ ಕೈ ಹಾಕುವಂತಿಲ್ಲ. ಒಮ್ಮೆ ಇವಳು ಮುಟ್ಟುವುದು, ಒಮ್ಮೆ ಇವನು. ಎದುರಿನವರನ್ನು ಖುಷಿಪಡಿಸುವುದಾಗಲಿ ಉದ್ರೇಕಿಸುವುದಾಗಲಿ ಗುರಿಯಲ್ಲ. ಚರ್ಮ ಬೆಚ್ಚಗಿದೆಯೇ, ಒರಟೇ, ನಯವೇ ಎಂಬುದರ ಮೇಲಷ್ಟೇ ಗಮನ. ಇದು ಸಲೀಸಾದ ಮೇಲೆ ಎರಡನೆಯ ಹಂತದಲ್ಲಿ ಇಡೀ ಮೈ. ಅಲ್ಲಿಯೂ ಗುರಿಯಿಲ್ಲ. ಶಿಶ್ನ ನಿಮಿರಿದರೆ ಅದನ್ನು ಹಾಗೆಯೇ ಇಳಿಯಲು ಬಿಡಿ ಎನ್ನುತ್ತಾರೆ ಚಿಕಿತ್ಸಕರು. ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಹೋದದ್ದು ಮರಳಿ ಬರುತ್ತದೆ ಎಂಬುದನ್ನು ಅವನ ದೇಹ ಹೀಗೆ ಎರಡು ಮೂರು ಸಲ ಕಂಡುಕೊಂಡರೆ ಅರ್ಧ ಚಿಕಿತ್ಸೆ ಮುಗಿಯಿತು. ‘ಹೆದರಬೇಡ’ ಎಂದು ಸ್ನೇಹಿತರು ನೂರು ಸಲ ಹೇಳಿದರೂ ಆಗದ್ದು ಇದರಿಂದ ಆಗುತ್ತದೆ. ಮೂರನೆಯ ಹಂತದಲ್ಲಿ ಅವಸರವಿಲ್ಲದ, ಚಲನೆಯಿಲ್ಲದ ಕೂಡುವಿಕೆ. ಸಂಪೂರ್ಣ ಸಂಭೋಗ ಕೊನೆಗೆ. ಕೆಲವು ದಂಪತಿಗಳು ಅಷ್ಟು ದಿನ ಕಾಯದೆ ನಿಷೇಧವನ್ನು ಮುರಿದುಬಿಡುತ್ತಾರೆ; ಚಿಕಿತ್ಸಕರು ಬೈಯುವುದಿಲ್ಲ, ನಗುತ್ತಾರೆ.

ಶೀಘ್ರಸ್ಖಲನಕ್ಕೆ ಇದರ ಜೊತೆ 1956ರಲ್ಲಿ ಜೇಮ್ಸ್ ಸೀಮನ್ಸ್ ಎಂಬ ವೈದ್ಯರು ವಿವರಿಸಿದ ತಡೆದು ಮುಂದುವರಿಯುವ ಅಭ್ಯಾಸವನ್ನು ಹೇಳಿಕೊಡುತ್ತಾರೆ. ವ್ಯಾಜಿನಿಸ್ಮಸ್ ಇದ್ದವರಿಗೆ ಸೊಂಟದ ತಳದ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮ, ಸಣ್ಣದರಿಂದ ದೊಡ್ಡದಕ್ಕೆ ಹೋಗುವ ಡೈಲೇಟರುಗಳು. ಇದೆಲ್ಲ ನಡೆಯುವುದು ದಂಪತಿಯ ಮನೆಯಲ್ಲಿ, ಅವರಿಬ್ಬರ ನಡುವೆ. ಚಿಕಿತ್ಸಕರ ಕೋಣೆಯಲ್ಲಿ ನಡೆಯುವುದು ಮಾತು ಮಾತ್ರ. ಅಲ್ಲಿ ಬಟ್ಟೆ ಬಿಚ್ಚಿಸುವ, ಮುಟ್ಟಿ ತೋರಿಸುತ್ತೇನೆನ್ನುವ ಆಪ್ತಸಮಾಲೋಚಕ ಸಿಕ್ಕರೆ ಎದ್ದು ಬರಬೇಕು. ದೇಹ ಪರೀಕ್ಷೆ ಬೇಕಾದರೆ ಅದು ವೈದ್ಯರ ಕೆಲಸ, ರೋಗಿಯ ಒಪ್ಪಿಗೆಯ ಮೇಲೆ.

ಮಾತಿನಲ್ಲಿ ಏನಿರುತ್ತದೆ? ಬಹುಪಾಲು, ತಲೆಯೊಳಗೆ ಕೂತ ಸುಳ್ಳುಗಳನ್ನು ಒಂದೊಂದಾಗಿ ಹೊರಗೆ ತೆಗೆಯುವುದು. ಗಂಡಸಾದವನು ಯಾವಾಗಲೂ ತಯಾರಿರಬೇಕು. ಅರ್ಧ ಗಂಟೆಯಾದರೂ ನಿಲ್ಲಬೇಕು. ಹರೆಯದಲ್ಲಿ ಹಸ್ತಮೈಥುನ ಮಾಡಿಕೊಂಡದ್ದರಿಂದ ಧಾತು ಕರಗಿಹೋಗಿದೆ. ಈ ಮೂರನೆಯದನ್ನು ಭಾರತದ ಮನೋವೈದ್ಯರು ಎಷ್ಟು ಕಂಡಿದ್ದಾರೆಂದರೆ, ಎನ್. ಎನ್. ವಿಗ್ 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರನ್ನೇ ಕೊಟ್ಟರು. ಎರಡನೆಯದಕ್ಕೆ ಉತ್ತರ ಗಡಿಯಾರದಲ್ಲಿದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐದು ದೇಶಗಳ 500 ದಂಪತಿಗಳ ಕೈಗೆ ಸ್ಟಾಪ್‌ವಾಚು ಕೊಟ್ಟು ಅಳೆಸಿದರು. ನಡುಮಧ್ಯದ ಸಮಯ 5.4 ನಿಮಿಷ. ಮೊಬೈಲಿನ ನೀಲಿಚಿತ್ರಗಳಿಂದ ಪಾಠ ಕಲಿತವರಿಗೆ ಈ ಒಂದು ಅಂಕಿಯೇ ಔಷಧಿ.

ಮುಂಬಯಿ ಸೀಮೆಗೆ ಈ ಮಾತುಕತೆ ಹೊಸದಲ್ಲ. ರಘುನಾಥ ಧೋಂಡೊ ಕರ್ವೆ 1921ರಲ್ಲೇ ಇಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆದವರು. 1927ರಿಂದ 1953ರವರೆಗೆ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ನಡೆಸಿ ಓದುಗರ ಕಾಮಸಂಬಂಧಿ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಬರೆದರು. ಅದಕ್ಕಾಗಿ ಅಶ್ಲೀಲತೆಯ ಮೊಕದ್ದಮೆ ಬಿತ್ತು; 1934ರಲ್ಲಿ ಅವರ ಪರ ವಾದಿಸಿದ ವಕೀಲರು ಬಾಬಾಸಾಹೇಬ್ ಅಂಬೇಡ್ಕರ್. ಕರ್ವೆ ಮೊಕದ್ದಮೆ ಸೋತರು, ದಂಡ ಬಿತ್ತು, ಪತ್ರಿಕೆ ನಿಲ್ಲಲಿಲ್ಲ. 1949ರಲ್ಲಿ ಮುಂಬಯಿಯಲ್ಲಿ ಕುಟುಂಬ ಯೋಜನಾ ಸಂಘ ಹುಟ್ಟಿದಾಗ ಮುಂದೆ ನಿಂತವರು ಹುಬ್ಬಳ್ಳಿಯಲ್ಲಿ ಹುಟ್ಟಿದ ಧನ್ವಂತಿ ರಾಮರಾವ್. ಅದೇ ಸಂಘದ ಮೂಲಕ 1970ರ ದಶಕದಲ್ಲಿ ಲೈಂಗಿಕ ಶಿಕ್ಷಣ ಮತ್ತು ಸಮಾಲೋಚನೆಯನ್ನು ಬೆಳೆಸಿದ ಸ್ತ್ರೀರೋಗ ತಜ್ಞ ಮಹಿಂದರ್ ವತ್ಸ, ಎಂಬತ್ತು ದಾಟಿದ ಮೇಲೆ ‘ಮುಂಬಯಿ ಮಿರರ್’ನಲ್ಲಿ ದಿನನಿತ್ಯ ಪ್ರಶ್ನೋತ್ತರ ಬರೆದು ಮನೆಮಾತಾದರು. ಎರಡು ಸಾಲಿನ ಉತ್ತರ, ಅದರಲ್ಲೊಂದು ಚಿವುಟು. ಭಯಪಟ್ಟವನನ್ನು ನಗಿಸುವುದೂ ಚಿಕಿತ್ಸೆಯೇ ಎಂದು ಅವರಷ್ಟು ಚೆನ್ನಾಗಿ ತಿಳಿದವರು ಕಡಿಮೆ. 2020ರ ಡಿಸೆಂಬರಿನಲ್ಲಿ 96ರ ವಯಸ್ಸಿನಲ್ಲಿ ತೀರಿಕೊಂಡರು. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಪ್ರಕಾಶ್ ಕೊಠಾರಿಯವರು ಲೈಂಗಿಕ ವೈದ್ಯಕ್ಕೆ ಪ್ರತ್ಯೇಕ ವಿಭಾಗ ಕಟ್ಟಿದರು. ಕನ್ನಡದಲ್ಲಿ ಈ ಕೆಲಸವನ್ನು ತಮ್ಮದೇ ರೀತಿಯಲ್ಲಿ ಮಾಡಿದವರು ವೈದ್ಯೆಯೂ ಕಾದಂಬರಿಕಾರ್ತಿಯೂ ಆದ ಅನುಪಮಾ ನಿರಂಜನ. ಅವರ ‘ದಾಂಪತ್ಯ ದೀಪಿಕೆ’ ಅದೆಷ್ಟೋ ಮನೆಗಳ ಕಪಾಟಿನಲ್ಲಿ ಸೀರೆಗಳ ಕೆಳಗೆ ಇದ್ದ ಪುಸ್ತಕ.

ಇಷ್ಟೆಲ್ಲ ಆದ ಮೇಲೂ 2024ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠದ ಮುಂದೆ ಬಂದ ಮೊಕದ್ದಮೆಯನ್ನು ನೋಡಿ. ಹುಡುಗನಿಗೆ 27, ಹುಡುಗಿಗೆ 26. ಮದುವೆ 2023ರ ಮಾರ್ಚಿನಲ್ಲಿ. ಹದಿನೇಳು ದಿನಕ್ಕೆ ಬೇರೆಯಾದರು. ಕೂಡುವುದಾಗಲಿಲ್ಲ. ಅವನು ಮೊದಲು ತಪ್ಪನ್ನು ಅವಳ ಮೇಲೆ ಹೊರಿಸಿದ, ಆಮೇಲೆ ಲಿಖಿತವಾಗಿ ಒಪ್ಪಿಕೊಂಡ: ಇವಳೊಂದಿಗೆ ಆಗುತ್ತಿಲ್ಲ, ಹಾಗೆಂದು ತಾನು ಷಂಡನಲ್ಲ, ಆ ಹಣೆಪಟ್ಟಿ ಬೇಡ. ಮದುವೆ ರದ್ದತಿಯ ಅರ್ಜಿಯನ್ನು ಕುಟುಂಬ ನ್ಯಾಯಾಲಯ ತಳ್ಳಿಹಾಕಿತ್ತು. ಹೈಕೋರ್ಟು ಇದನ್ನು ‘ಸಾಪೇಕ್ಷ ಷಂಡತ್ವ’ ಎಂದು ಗುರುತಿಸಿ, ಒಬ್ಬ ವ್ಯಕ್ತಿಯ ಜೊತೆ ಮಾತ್ರ ಹೀಗಾಗುವುದಕ್ಕೆ ಮನಸ್ಸಿನ ಮತ್ತು ದೇಹದ ಹಲವು ಕಾರಣಗಳಿರುತ್ತವೆ ಎಂದು ಹೇಳಿ ಮದುವೆಯನ್ನು ರದ್ದುಗೊಳಿಸಿತು. ನ್ಯಾಯಾಲಯ ತನ್ನ ಕೆಲಸವನ್ನು ಸಂವೇದನೆಯಿಂದಲೇ ಮಾಡಿದೆ. ಹೊಂದಿಕೆಯಿಲ್ಲದವರು ಬೇರೆಯಾಗುವುದರಲ್ಲಿ ತಪ್ಪೂ ಇಲ್ಲ. ಆದರೆ ಹದಿನೇಳು ದಿನ! ಮನೋವೈದ್ಯರ ಪುಸ್ತಕಗಳ ಪ್ರಕಾರ, ಇಂಥದ್ದನ್ನು ರೋಗವೆಂದು ಕರೆಯಬೇಕಾದರೇ ಅದು ಸುಮಾರು ಆರು ತಿಂಗಳು ಮುಂದುವರಿದಿರಬೇಕು.

ಥಾಣೆ, ಕಲ್ಯಾಣ್ ಕಡೆಯ ಈ ಉಪನಗರಗಳಲ್ಲಿ ಚಿಕಿತ್ಸೆಗೆ ನಿಜವಾಗಿ ಅಡ್ಡ ಬರುವುದು ಔಷಧದ ಕೊರತೆಯಲ್ಲ, ಕೋಣೆಯ ಕೊರತೆ. ವಾರಕ್ಕೆ ಮೂರು ಸಲ ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಳ್ಳಿ ಎಂದು ಹೇಳುವುದು ಸುಲಭ. ಡೊಂಬಿವಲಿಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಅತ್ತೆ, ಮಾವ, ಓದುವ ನಾದಿನಿ ಇರುವಾಗ ಹಾಕಿಕೊಳ್ಳಲು ಬಾಗಿಲೆಲ್ಲಿದೆ? ಕಲ್ಯಾಣದಿಂದ ಸಿಎಸ್‌ಎಂಟಿಗೆ ಸುಮಾರು 54 ಕಿಲೋಮೀಟರು. ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಬಂದವರ ಮೈಯಲ್ಲಿ ಉಳಿದಿರುವುದು ನಿದ್ದೆಯೊಂದೇ. ಐರೋಲಿ, ಮಹಾಪೆಯ ಕಂಪನಿಗಳಲ್ಲಿ ಗಂಡನದು ರಾತ್ರಿ ಪಾಳಿ, ಹೆಂಡತಿಯದು ಹಗಲಾದರೆ ಭೇಟಿಯೇ ಭಾನುವಾರ. ಅನುಭವಿ ಚಿಕಿತ್ಸಕರು ಇದನ್ನು ತಿಳಿದೇ ಸಮಯ ಗೊತ್ತುಮಾಡುತ್ತಾರೆ: ಹಿರಿಯರು ದೇವಸ್ಥಾನಕ್ಕೋ ಸಂಘದ ಕಾರ್ಯಕ್ರಮಕ್ಕೋ ಹೋಗುವ ಹೊತ್ತು, ರಜೆಯ ಬೆಳಗು. ಅತ್ತೆಯೂ ಒಂದು ಕಾಲಕ್ಕೆ ಸೊಸೆಯಾಗಿದ್ದವಳೇ; ಕಾರಣ ಕೇಳದೆ ಭಾನುವಾರ ಮಧ್ಯಾಹ್ನ ಮಗಳ ಮನೆಗೆ ಹೊರಟುಹೋಗುವ ಅತ್ತೆಯರು ಬೇಕು.

ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಕರಾವಳಿಯ ಗಂಡಸರ ಕಥೆ ಇನ್ನೂ ಬೇರೆ. ಹೆಂಡತಿ ಮಕ್ಕಳು ಕುಂದಾಪುರದಲ್ಲೋ ಕಾರ್ಕಳದಲ್ಲೋ. ಇವರು ಇಲ್ಲಿ ಹೋಟೆಲಿನ ಮಾಳಿಗೆಯಲ್ಲಿ. ವರ್ಷಕ್ಕೊಮ್ಮೆ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋದರೆ ಹದಿನೈದು ದಿನ ರಜೆ. ಅದರಲ್ಲಿ ಕೋಲ, ನಾಗಪೂಜೆ, ಮದುವೆ, ಜಾಗದ ಕೆಲಸ. ಉಳಿದ ಬೆರಳೆಣಿಕೆಯ ರಾತ್ರಿಗಳಲ್ಲಿ ವರ್ಷದ ದಾಂಪತ್ಯವನ್ನೆಲ್ಲ ಮುಗಿಸಬೇಕೆಂಬ ಹಟ ಯಾರ ಎದೆಯನ್ನಾದರೂ ನಡುಗಿಸುತ್ತದೆ. ಮಕ್ಕಳಾಗದೆ ಚಿಕಿತ್ಸೆಗೆ ಓಡಾಡುವವರದೂ ಇದೇ ಪಾಡು. ಇಂಥ ದಿನವೇ ಸೇರಬೇಕು ಎಂದು ಡಾಕ್ಟರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟ ದಿನವೇ ದೇಹ ಮುಷ್ಕರ ಹೂಡುತ್ತದೆ. ಮೇಲಿಂದ ‘ಏನಾದರೂ ವಿಶೇಷ ಉಂಟಾ?’ ಎಂಬ ಊರಿನ ಫೋನು.

ಹಾಗೆಂದು ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಿ ಕೂರುವುದೂ ಅಪಾಯ. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ ರಾತ್ರಿಗೆ ಮೂರರಿಂದ ಐದು ಸಲ ನಿಮಿರುವಿಕೆ ಆಗುತ್ತದೆ. ಬೆಳಗಿನ ಜಾವ ಅದು ಎಂದಿನಂತೆ ಇದ್ದು, ಹೆಂಡತಿಯ ಬಳಿ ಮಾತ್ರ ಕೈಕೊಡುತ್ತಿದ್ದರೆ ಆತಂಕದ ಸಂಶಯ ಬಲವಾಗುತ್ತದೆ. ಅದೂ ನಿಂತುಹೋಗಿದ್ದರೆ, ತೊಂದರೆ ನಿಧಾನವಾಗಿ ಬೆಳೆದು ಬಂದಿದ್ದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಾರ್ಮೋನು, ರಕ್ತನಾಳಗಳನ್ನು ಪರೀಕ್ಷಿಸಬೇಕು. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಅಡ್ಡಿ ಮೊದಲು ಅಲ್ಲಿ ಕಾಣಿಸಿಕೊಂಡು, ಕೆಲವು ವರ್ಷಗಳ ನಂತರ ಎದೆಯಲ್ಲಿ ಕಾಣಿಸುವುದುಂಟು. ನಲವತ್ತು ದಾಟಿದವನು ನಾಚಿಕೊಂಡು ಮುಚ್ಚಿಟ್ಟದ್ದು ಹೃದಯದ ಮುನ್ಸೂಚನೆಯೂ ಆಗಿರಬಹುದು. ಖಿನ್ನತೆಯ ಕೆಲವು ಮಾತ್ರೆ, ಬಿಪಿಯ ಕೆಲವು ಮಾತ್ರೆ, ಕುಡಿತ, ಸಿಗರೇಟು ಇವೂ ಕಾರಣಗಳ ಪಟ್ಟಿಯಲ್ಲಿವೆ.

ಮತ್ತೆ ಆ ನೀಲಿ ಮಾತ್ರೆ? 1998ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಿಲ್ಡೆನಾಫಿಲ್ ಒಳ್ಳೆಯ ಔಷಧಿ. ಆತಂಕದ ರೋಗಿಗೂ ಕೆಲವು ವಾರ ಊರುಗೋಲಾಗಿ ವೈದ್ಯರು ಕೊಡುವುದುಂಟು. ಆದರೆ ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಂಡು ನುಂಗುವವನಿಗೆ ಎರಡು ಕಂಟಕ. ಎದೆನೋವಿಗೆಂದು ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ಸೇವಿಸುತ್ತಿದ್ದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಇನ್ನೊಂದು, ಮಾತ್ರೆಯಿಲ್ಲದೆ ತನ್ನಿಂದಾಗದು ಎಂಬ ಹೊಸ ಭಯ. ‘ಶುದ್ಧ ಗಿಡಮೂಲಿಕೆ’ ಎಂದು ಮಾರುವ ಪುಡಿಗಳಲ್ಲೂ ಇದೇ ಸಿಲ್ಡೆನಾಫಿಲ್ ಬೆರೆಸಿರುತ್ತಾರೆ ಎಂದು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಎಚ್ಚರಿಸಿದೆ.

ಹೋಗುವುದೆಲ್ಲಿಗೆ? ಥಾಣೆಯಲ್ಲಿ 1901ರಿಂದ ನಡೆಯುತ್ತಿರುವ ಪ್ರಾದೇಶಿಕ ಮಾನಸಿಕ ಆಸ್ಪತ್ರೆ ಇದೆ. ‘ಥಾಣೆಗೆ ಕಳಿಸಬೇಕು’ ಎಂಬ ಕುಹಕಕ್ಕೆ ಹೆದರಿ ಅದರ ಗೇಟು ದಾಟದವರೇ ಹೆಚ್ಚು. ಆ ಹೆಸರು ಬೇಡವೆಂದರೆ ಕಳ್ವಾದಲ್ಲಿರುವ ಮಹಾನಗರಪಾಲಿಕೆ ಆಸ್ಪತ್ರೆಯಲ್ಲಿ, ನೆರೂಲ್ ಮತ್ತು ಕಾಮೋಠೆಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಬಹುದು. ಡಾ. ಆನಂದ್ ನಾಡಕರ್ಣಿಯವರು 1990ರಲ್ಲಿ ಥಾಣೆಯಲ್ಲಿ ಕಟ್ಟಿದ ಮಾನಸಿಕ ಆರೋಗ್ಯ ಸಂಸ್ಥೆ, ಐಪಿಎಚ್, ಇದೆ. ಕನ್ನಡದಲ್ಲೇ ಬಾಯಿಬಿಡಬೇಕು ಅನ್ನಿಸಿದರೆ 14416ಕ್ಕೆ ಫೋನು ಮಾಡಬಹುದು. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಂದಾಳು. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು. ಇಂಥ ವಿಷಯವನ್ನು ಹಿಂದಿಯಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದವರಿಗೆ ಇದರ ಬೆಲೆ ಗೊತ್ತು.

ಖಾಸಗಿಯಾಗಿ ಹೋಗುವವರು ಬಾಗಿಲ ಮೇಲೆ ‘ಸೆಕ್ಸಾಲಜಿಸ್ಟ್’ ಎಂದು ಬರೆದಿರುವುದನ್ನಷ್ಟೇ ನೋಡಬಾರದು. ಯಾವ ಪದವಿ, ಮೆಡಿಕಲ್ ಕೌನ್ಸಿಲಿನ ನೋಂದಣಿ ಇದೆಯೇ, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನಂಬರು ಇದೆಯೇ ಎಂದು ಕೇಳಲು ಸಂಕೋಚ ಬೇಡ. ಹೇಳಿದ್ದು ಹೊರಗೆ ಹೋದೀತೆಂಬ ಅಂಜಿಕೆಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೆಯ ಕಲಮಿನಲ್ಲಿ ಉತ್ತರವಿದೆ: ಗೋಪ್ಯತೆ ರೋಗಿಯ ಹಕ್ಕು. ಸಾಧ್ಯವಾದರೆ ಗಂಡ ಹೆಂಡತಿ ಇಬ್ಬರೂ ಹೋಗಿ; ಆಗದಿದ್ದರೆ ಒಬ್ಬರಾದರೂ ಹೊರಡಿ. ಹೋಗುವ ಮುನ್ನ ಸಕ್ಕರೆ, ಬಿಪಿ ನೋಡಿಸಿಕೊಳ್ಳಿ. ದಿನವೂ ನುಂಗುವ ಮಾತ್ರೆಗಳ ಹೆಸರನ್ನು, ಯಾರಿಗೂ ಹೇಳದೆ ಕೊಂಡು ನುಂಗಿದ್ದನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದುಕೊಂಡು ವೈದ್ಯರ ಕೈಗೆ ಕೊಡಿ.